ಅಂಬಿಗ ಮೆಟ್ಟಿಲೇರಿ ಬಂದನೇ?

ಗದಗ
ಏಪ್ರಿಲ್ ಮೂವತ್ತೊಂದು, ೨೧೬೮

ಈ ಶುಕ್ರವಾರ ಹೊಸ ಸಿನಿಮಾಕ್ಕೆ ಹೊರಟಿರುವವರಿಗೆ,

ಏಪ್ರಿಲ್ ತಿಂಗಳಿಗೆ ಮೂವತ್ತೊಂದನೆಯ ದಿನವೇ ಇಲ್ಲವೆಂದು ನೀವು ಈ ಕಾಗದವನ್ನು ಇಲ್ಲಿಗೇ ಮಡಚಿಡಬಹುದು. ನಮ್ಮಲ್ಲಿ ಇದೆ. ನನ್ನ ಅಜ್ಜಿಯ ಕಾಲದಲ್ಲಿ ಕ್ಯಾಲೆಂಡರ್ ತಿದ್ದಿದಾಗ ಡಿಸೆಂಬರಿನಿಂದ ಒಂದು ದಿನ ಕಿತ್ತು ಏಪ್ರಿಲ್ಲಿಗೆ ಕೊಟ್ಟರು. ಯಾಕೆಂಬುದು ಈಗ ಯಾರಿಗೂ ನೆನಪಿಲ್ಲ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಕೆಲವು ಪದಗಳು ನಿಮ್ಮ ನಂತರ ಹುಟ್ಟಿದವು. ಉಳಿದ ತೊಡಕು ನನ್ನದೇ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ನಾನು, ಕನ್ನಡದ ಒಂದು ವಾಕ್ಯವನ್ನು ಎರಡು ಸಲ ತೂಗದೆ ಕೆಳಗಿಡಲಾರೆ. ಇದು ನಿಮ್ಮನ್ನು ಹೇಗೆ ತಲುಪುತ್ತದೆಂದು ಬಲ್ಲವಳಂತೆ ನಟಿಸುವುದಿಲ್ಲ. ಸಿನಿಮಾ ಬಂದ ಡಬ್ಬಿ ಖಾಲಿಯಾಗಿ, ಬಂದ ದಿಕ್ಕಿಗೇ ವಾಪಸು ಹೋಗುತ್ತದೆ. ಅದರ ತಳದಲ್ಲಿ ಇಡುತ್ತಿದ್ದೇನೆ, ಅಷ್ಟೆ.

ನಾನು ಮಂದಾರ ಟಾಕೀಸಿನ ಮುನ್ನೋಟಗಾರ್ತಿ. ಹೊಸ ಸಿನಿಮಾ ತೆರೆಗೆ ಬರುವ ಮೊದಲು ಅದರ ಬಗ್ಗೆ ಬರೆಯುವವರು ನಿಮ್ಮಲ್ಲೂ ಇದ್ದರಂತೆ. ಅಂಥ ಕೆಲವು ಪತ್ರಿಕೆಯ ತುಂಡುಗಳನ್ನು ಓದಿದ್ದೇನೆ. ನಟರು ಯಾರು, ಹಾಡು ಎಷ್ಟು, ಛಾಯಾಗ್ರಹಣ ಹೇಗೆ ಎಂದೆಲ್ಲ ಹೇಳಿ, ಕೊನೆಯನ್ನು ಮಾತ್ರ ತೆರೆಯ ಮೇಲೇ ನೋಡಿ ಎಂದು ಬಿಟ್ಟುಬಿಡುತ್ತಿದ್ದರು. ಮೊದಲ ಸಲ ಓದಿದಾಗ ಆ ತುಂಡನ್ನು ಮಡಚಿ ಅಡಗಿಸಿಟ್ಟೆ. ನಮ್ಮಲ್ಲಿ ಹಾಗೆ ಬರೆಯುವುದು ಅಪರಾಧ. ನಾವು ಕೊನೆಯನ್ನೇ ಮೊದಲು ಹೇಳುತ್ತೇವೆ.

ಕಾರಣವಿದೆ. ನಮ್ಮ ಮನೆಮನೆಯಲ್ಲೂ ತನ್ನಾಟವಿದೆ. ಗೋಡೆಯ ಮೇಲೆ, ನಿಮ್ಮೊಬ್ಬರಿಗಾಗಿಯೇ, ನಿಮಗೆ ಬೇಕಾದಂತೆಯೇ ಯಂತ್ರ ಹೆಣೆಯುವ ಕಥೆಗೆ ಆ ಹೆಸರು. ಅದರಲ್ಲಿ ನಿಮಗೆ ಬೇಡವಾದವರು ಬರುವುದಿಲ್ಲ, ಬೇಕಾದವರು ಸಾಯುವುದಿಲ್ಲ. ಎರಡು ತಲೆಮಾರು ಅದನ್ನೇ ನೋಡಿದ ಮೇಲೆ ಅನಿರೀಕ್ಷಿತವನ್ನು ತಾಳುವ ಶಕ್ತಿ ನಮ್ಮಲ್ಲಿ ಉಳಿಯಲಿಲ್ಲ. ನಾನು ಹುಟ್ಟುವ ಮೊದಲು, ಕೊನೆ ತಿಳಿಸದೆ ತೋರಿಸಿದ ಒಂದು ಸಿನಿಮಾದಲ್ಲಿ ಮಗುವೊಂದು ಬಾವಿಗೆ ಬಿತ್ತು. ಟಾಕೀಸಿನಲ್ಲಿ ನಲವತ್ತು ಜನ ನಡುಗುತ್ತ ನೆಲಕ್ಕುರುಳಿದರು. ಅಂದಿನಿಂದ ಮುನ್ನೋಟ ಕಡ್ಡಾಯ. ನಾವು ಸಿನಿಮಾ ತೆಗೆಯುವುದನ್ನು ಯಾವಾಗಲೋ ನಿಲ್ಲಿಸಿದ್ದೇವೆ. ಹೊಸದೆಂದರೆ ನಿಮ್ಮ ಕಾಲದ್ದೇ, ಎಲ್ಲೋ ಸಿಕ್ಕಿ, ನಿಮ್ಮ ರೀಲಿನ ಬದಲು ನಾವು ಬಳಸುವ ಉಪ್ಪಿನ ಬಿಲ್ಲೆಗೆ ಇಳಿಸಿಕೊಂಡದ್ದು. ಮೂರು ಸಲ ಓಡಿದರೆ ಬಿಲ್ಲೆ ಪುಡಿಯಾಗುತ್ತದೆ. ತಿಂಗಳಿಗೊಂದು ಬರುತ್ತದೆ. ಊರೆಲ್ಲ ಒಟ್ಟಿಗೆ ಕೂತು ಒಂದೇ ಕಥೆಗೆ ಅಳುವುದು ಆ ಒಂದು ದಿನ ಮಾತ್ರ.

ಮಂಗಳವಾರ ಡಬ್ಬಿ ಬಂದೊಡನೆ ನನ್ನನ್ನು ಮೇಲಿನ ಕೋಣೆಗೆ ಕಳಿಸಿ ಹೊರಗಿನಿಂದ ಬೀಗ ಹಾಕುತ್ತಾರೆ. ಗುರುವಾರ ಸಂಜೆ ತೆಗೆಯುತ್ತಾರೆ. ಕೋಣೆಯಲ್ಲಿ ಒಂದು ತೆರೆ, ಒಂದು ಮಂಚ, ಮಣ್ಣಿನ ಹೂಜಿ, ಬಾಗಿಲಲ್ಲಿ ಅಂಗೈಯಗಲದ ಒಂದು ಕಿಂಡಿ. ಸಿನಿಮಾ ಓಡುತ್ತಿರುವಾಗಲೇ ಕತ್ತಲಲ್ಲಿ ಚೀಟಿ ಬರೆದು ಕಿಂಡಿಯಿಂದ ಹೊರಗೆ ತಳ್ಳಬೇಕು. ತಳ್ಳಿದ ಚೀಟಿಯನ್ನು ವಾಪಸು ಕೇಳುವಂತಿಲ್ಲ. ಮುನ್ನೋಟಗಾರರು ಆಮೇಲೆ ಮನಸ್ಸು ಬದಲಿಸಬಾರದೆಂದು ಈ ನಿಯಮ. ಆಚೆ ಕೂತು ಪ್ರತಿ ಮಾಡುವವನು ದಸ್ತಗೀರ. ಹದಿನೆಂಟು ವರ್ಷಗಳಲ್ಲಿ ನಾನು ಅವನ ಧ್ವನಿಯನ್ನೇ ಹೆಚ್ಚು ಬಲ್ಲೆ.

“ಮೇಡಮ್ಮಾರ, ಈ ಸಲ ಎಷ್ಟ್ ಗಂಟ್ರೀ?” ಎಂದು ಕಿಂಡಿಗೆ ಬಾಯಿಟ್ಟು ಕೇಳುತ್ತಾನೆ. “ನಮ್ಮನ್ಯಾಕಿ ಆಗ್ಲೇ ಕರ್ಚೀಪ್ ಹಿಡ್ಕೊಂಡ್ ಕುಂತಾಳ.”

ಗಂಟು ನಮ್ಮೂರಿನ ಪದ್ಧತಿ. ಗುರುವಾರ ನಾನು ಟಾಕೀಸಿನ ಜಗುಲಿಯ ಮೇಲೆ ನಿಂತು, ದಸ್ತಗೀರ ಮಾಡಿದ ಪ್ರತಿಯಲ್ಲಿ ಇದ್ದಂತೆಯೇ ಮುನ್ನೋಟ ಓದುವಾಗ, ಕೆಳಗೆ ಮಂಡಕ್ಕಿ ತಿನ್ನುತ್ತ ನಿಂತ ಜನ ಒಂದೊಂದು ಸಾವಿಗೆ ಕರವಸ್ತ್ರದಲ್ಲಿ ಒಂದೊಂದು ಗಂಟು ಹಾಕಿಕೊಳ್ಳುತ್ತಾರೆ. ಶುಕ್ರವಾರ ಒಳಗೆ ಕೂತು, ಆ ಸಾವು ಬಂದಾಗ ತಲೆ ತಗ್ಗಿಸಿ ಗಂಟು ಬಿಚ್ಚುತ್ತಾರೆ. ಬಿಚ್ಚುತ್ತ ಅಳುತ್ತಾರೆ. ಯಾರೂ ನಡುಗುವುದಿಲ್ಲ.

ಈ ತಿಂಗಳ ಸಿನಿಮಾದ ಹೆಸರು ಡಬ್ಬಿಯ ಮೇಲೆ ಅಳಿಸಿಹೋಗಿತ್ತು. ಹಳದಿ ಅಂಗಿಯ ಅಂಬಿಗನೊಬ್ಬ ತುಂಗಭದ್ರೆಯಲ್ಲಿ ಹರಿಗೋಲು ಹಾಕುತ್ತಾನೆ. ಕೊನೆಯ ಹೊತ್ತಿಗೆ ನೆರೆ ಬಂದು ಹರಿಗೋಲು ಮಗುಚುತ್ತದೆ. ಅವನ ಹೆಂಡತಿ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಾಳೆ. ನಾನು ‘ಅಂಬಿಗ ಸಾಯುತ್ತಾನೆ, ಒಂದು ಗಂಟು’ ಎಂದು ಬರೆದು ಚೀಟಿ ತಳ್ಳಿದೆ. ತಿರುಗಿ ನೋಡುವಷ್ಟರಲ್ಲಿ ಅವನು ನದಿಯ ಮೆಟ್ಟಿಲೇರಿ ಬಂದು, ಅಂಗಿ ಕಳಚಿ, ನೀರು ಹಿಂಡುತ್ತಿದ್ದ. ಅರ್ಧ ನಿಮಿಷವೂ ಇರಲಿಲ್ಲ. ಸಿನಿಮಾ ಮುಗಿಯಿತು.

ಕಿಂಡಿಯಿಂದ ಕೂಗಬಹುದಿತ್ತು. ದಸ್ತಗೀರ ನಿಯಮ ಮುರಿಯುತ್ತಿದ್ದನೋ ಇಲ್ಲವೋ, ನಾನಂತೂ ಕೂಗಲಿಲ್ಲ. ಯಾಕೆಂದು ಅಂದಿನಿಂದ ಕೇಳಿಕೊಳ್ಳುತ್ತಿದ್ದೇನೆ. ದಣಿವು ಎಂದುಕೊಂಡರೆ ಸಮಾಧಾನವಾಗುತ್ತದೆ, ಆದರೆ ಅದು ಪೂರ್ತಿ ನಿಜವಲ್ಲ. ಮುನ್ನೋಟಗಾರರು ಕೆಲಸ ಬಿಡುವಂತಿಲ್ಲ. ತಪ್ಪು ಮುನ್ನೋಟ ಸಾಬೀತಾದರೆ ಮಾತ್ರ ಅವರನ್ನು ತೆಗೆಯುತ್ತಾರೆ. ಶುಕ್ರವಾರ ಐನೂರು ಜನ ಎದ್ದುನಿಂತು, ಅವನು ಬದುಕಿದ್ದಾನೆ ಎಂದು ಕೂಗುತ್ತಾರೆ, ನನ್ನ ಬಾಗಿಲು ತೆರೆಯುತ್ತದೆ ಎಂದು ನಾನು ಆಸೆಪಟ್ಟೆ. ಅವರಲ್ಲಿ ಕೆಲವರಾದರೂ ನಡುಗಿ ಬೀಳಬಹುದೆಂದು ನನಗೆ ತಿಳಿದಿತ್ತು. ತಿಳಿದೂ ಆಸೆಪಟ್ಟೆ.

ಯಾರೂ ಏಳಲಿಲ್ಲ. ಅಂಬಿಗ ಮೆಟ್ಟಿಲೇರಿ ಬಂದಾಗ ಇಡೀ ಟಾಕೀಸು ತಲೆ ತಗ್ಗಿಸಿ ಗಂಟು ಬಿಚ್ಚುತ್ತಿತ್ತು.

ಒಬ್ಬಳನ್ನು ಬಿಟ್ಟು. ಫಕೀರವ್ವ ನಮ್ಮ ಓಣಿಯ ಹಿರಿಯಳು. ಕೌದಿ ಹೊಲಿಯುತ್ತಾಳೆ, ಒಬ್ಬಳೇ ಇದ್ದಾಳೆ. ಮನೆಯ ತನ್ನಾಟವನ್ನು ಎಂದೋ ಕಿತ್ತುಹಾಕಿಸಿದವಳು. ಆ ಗುರುವಾರ ಅವಳ ಕಿವಿಯಂತ್ರ ರಿಪೇರಿಗೆ ಹೋಗಿತ್ತು, ಮರುದಿನವೇ ವಾಪಸು ಬಂದದ್ದು. ನಾನು ಓದಿದ್ದು ಅವಳಿಗೆ ಕೇಳಿಸಲೇ ಇಲ್ಲ, ಕೈಯಲ್ಲಿ ಗಂಟೂ ಇರಲಿಲ್ಲ. ಶುಕ್ರವಾರ ಎಲ್ಲರೂ ಕಣ್ಣೊರೆಸಿಕೊಂಡು ಹೊರಬರುವಾಗ ಅವಳು ಜಗುಲಿಯ ಮೇಲೆ ನಿಂತು ನಗುತ್ತಿದ್ದಳು.

“ಅಯ್ಯ, ಅವ ಎಲ್ಲಿ ಸತ್ತಾನ? ಮೆಟ್ಟಲಾ ಹತ್ತಿ ಬಂದು ಅಂಗಿ ಹಿಂಡಿದ್ನಲ್ರೇ! ನೀವೆಲ್ಲಾ ಮಾರಿ ಕೆಳಗ ಹಾಕ್ಕೊಂಡು ಏನ್ ಮಾಡಾಕತ್ತಿದ್ರಿ?”

“ಅಜ್ಜಿಗೆ ಸತ್ತವ್ರು ಕಾಣಾಕತ್ಯಾರ,” ಎಂದ ಒಬ್ಬ. “ಇನ್ನ ಕರ್ಯಾಕ ಬಂದಾರ ಅಂತ ತಿಳ್ಕೊ.”

“ಕರ್ಯಾಕ ಬಂದ್ರ ನಿನ್ನೂ ಕರ್ಕೊಂಡ ಹೊಕ್ಕೇನಿ ಬಾರೋ, ದಾರ್‍ಯಾಗ ಮಾತಾಡಾಕ ಒಬ್ರು ಬೇಕು,” ಎಂದಳು ಅವಳು.

ಜನ ನಕ್ಕರು. ಆದರೆ ಇಲ್ಲದ್ದನ್ನು ಕಾಣುವುದಕ್ಕೆ ನಮ್ಮಲ್ಲಿ ಹುಸಿನೋಟ ಎನ್ನುತ್ತಾರೆ. ಅದು ಕಾಯಿಲೆಯ ಪಟ್ಟಿಯಲ್ಲಿದೆ. ಅದು ಬಂದವರನ್ನು ಟಾಕೀಸಿಗೆ ಬಿಡುವುದಿಲ್ಲ, ತಂಪುಮನೆಗೆ ಕಳಿಸುತ್ತಾರೆ. ಅಲ್ಲಿ ಹಾಸಿಗೆಗೊಂದು ತನ್ನಾಟ, ಬೆಳಗಿನಿಂದ ಸಂಜೆಯವರೆಗೆ, ಸಾಯುವ ತನಕ. ಭಾನುವಾರ ಟಾಕೀಸು ಸಮಿತಿ ಅವಳ ವಿಚಾರಣೆಗೆ ಕೂತಿತು.

ನಾನು ಎದ್ದುನಿಂತು ತಪ್ಪು ನನ್ನದೆಂದೆ. ಚೀಟಿಯ ಕಥೆಯನ್ನು ಪೂರ್ತಿ ಹೇಳಿದೆ, ನನ್ನ ಆಸೆಯೊಂದನ್ನು ಬಿಟ್ಟು. ಆ ಬಿಟ್ಟದ್ದರಿಂದಲೇ ನನ್ನ ಮಾತು ಟೊಳ್ಳಾಗಿ ಕೇಳಿಸಿತೋ ಏನೋ. ಸಮಿತಿಯ ಹಿರಿಯರಾದ ವಿರುಪಾಕ್ಷಗೌಡರು ಕೆಟ್ಟವರಲ್ಲ. “ತಂಗೀ, ಹದಿನೆಂಟು ವರ್ಷದಾಗ ಒಂದ್ ತಪ್ಪು ಮಾಡಿದಾಕಿ ಅಲ್ಲ ನೀ,” ಎಂದರು. “ಮುದುಕಿ ಮ್ಯಾಲಿನ ಮರುಕಕ್ಕ ನಿನ್ನ ಹೆಸರ್ ಕೆಡಿಸ್ಕೋಬ್ಯಾಡ.” ಆದರೂ ಬಿಲ್ಲೆಯನ್ನು ಮೂರನೆಯ ಸಲ, ಕೊನೆಯ ಸಲ, ಓಡಿಸಲು ಒಪ್ಪಿದರು. ಪದ್ಧತಿಯಂತೆ ಹನ್ನೆರಡು ಮಂದಿ ಸದಸ್ಯರೂ ಕರವಸ್ತ್ರಕ್ಕೆ ಗಂಟು ಹಾಕಿಕೊಂಡು ಕೂತರು. ಬೇಡವೆಂದೆ. ಗಂಟಿಲ್ಲದೆ ನೋಡಿ ಯಾರಾದರೂ ಬಿದ್ದರೆ ಹೊಣೆ ಯಾರೆಂದು ಕೇಳಿದರು.

ಹರಿಗೋಲು ಮಗುಚಿತು. ಹನ್ನೆರಡು ತಲೆಗಳು ಬಾಗಿದವು.

“ಬಂದ, ಬಂದ! ತಲಿ ಎತ್ರೀ ಗೌಡ್ರ, ಅಂಗಿ ಹಿಂಡಾಕತ್ತಾನ!” ಎಂದು ಫಕೀರವ್ವ ಕೂಗಿದಳು. ಗೌಡರು ತಲೆ ಎತ್ತುವಷ್ಟರಲ್ಲಿ ತೆರೆ ಬೆಳ್ಳಗಾಗಿತ್ತು. ಬಿಲ್ಲೆ ಪುಡಿಯಾಗಿ ತಟ್ಟೆಯಲ್ಲಿ ಬಿತ್ತು.

ನಾನು ಏನು ಕಂಡೆನೆಂದು ಕೇಳಿದರು. ನಾನು ತಲೆ ಎತ್ತಿಯೇ ಇದ್ದೆ, ಇದು ಸತ್ಯ. ಆದರೆ ಸುತ್ತಲೂ ಬಿಕ್ಕುತ್ತಿದ್ದ ಹನ್ನೆರಡು ಜನರ ನಡುವೆ ನನ್ನ ಕಣ್ಣೂ ತುಂಬಿಬಿಟ್ಟಿತು. ಹಳದಿಯ ಒಂದು ಕಲೆ ಕಂಡಿತು. ಅದು ಅಂಗಿಯೋ, ಬಿಸಿಲೋ, ನೀರ ಮೇಲೆ ತೇಲಿಹೋಗುತ್ತಿದ್ದ ಬಟ್ಟೆಯೋ ಹೇಳಲಾರದೆ ನಿಂತೆ. ಆ ಮೌನವನ್ನೇ ಉತ್ತರವೆಂದು ಬರೆದುಕೊಂಡರು.

ನನಗೆ ವಿಶ್ರಾಂತಿ ಬೇಕೆಂದು ಆ ಭಾನುವಾರದಿಂದಲೇ ನನ್ನನ್ನು ಮೇಲಿನ ಕೋಣೆಯಲ್ಲಿಟ್ಟು ಬೀಗ ಹಾಕಿದ್ದಾರೆ, ಖಾಲಿ ಡಬ್ಬಿ ಇನ್ನೂ ಇಲ್ಲೇ ಇದೆ. ಫಕೀರವ್ವನಿಗೆ ಹುಸಿನೋಟವೆಂದು ತೀರ್ಪಾಗಿದೆ, ತಂಪುಮನೆಗೆ ಕಳಿಸಲು ನಲವತ್ತು ದಿನ ಗಡುವು. ಸಿನಿಮಾ ಬಂದ ಕಾಲದಲ್ಲೇ ಅದನ್ನು ನೋಡಿದವರ ಕೈಬರಹ ಸಿಕ್ಕರೆ ತೀರ್ಪು ಬದಲಿಸಬಹುದೆಂದು ನಿಯಮದಲ್ಲಿದೆ. ಯಾರಿಗೂ ಸಿಗಲಾರದೆಂದೇ ಆ ನಿಯಮವನ್ನು ಯಾರೂ ತೆಗೆದುಹಾಕಿಲ್ಲ. ನಿನ್ನೆ ಅವಳು ಕಿಂಡಿಯ ಬಳಿ ಬಂದಿದ್ದಳು. “ನೀನರ ಕಂಡಿದ್ದಿ ಹೌದಿಲ್ಲ?” ಎಂದು ಕೇಳಿದಳು. ಕಂಡೆನೆಂದೆ. ಅಂದ ಮೇಲೆ ನನ್ನ ಧ್ವನಿಯನ್ನು ನಾನೇ ಅನುಮಾನಿಸಿದೆ.

ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ಸಿನಿಮಾದ ಹೆಸರು ಹೇಳಲಾರೆ. ಈ ಶುಕ್ರವಾರದ್ದೋ, ಮುಂದಿನದ್ದೋ, ಇನ್ನು ಹತ್ತು ವರ್ಷದ ಮೇಲಿನದ್ದೋ ತಿಳಿಯದು. ಹಾಗಾಗಿ ಬಂದದ್ದನ್ನೆಲ್ಲ ನೋಡಿ. ಯಾರ ಮಾತನ್ನೂ ಕೇಳಿಕೊಂಡು ಹೋಗಬೇಡಿ, ನನ್ನಂಥವರ ಮಾತನ್ನಂತೂ ಬೇಡವೇ ಬೇಡ. ಇಷ್ಟೆಲ್ಲ ಹೇಳಿ ನಿಮ್ಮ ಕಣ್ಣನ್ನೂ ಕೆಡಿಸಿದೆನೇನೋ ಎಂಬ ಭಯವಿದೆ. ಆದರೂ ಹರಿಗೋಲು ಮಗುಚಿದಾಗ ತಲೆ ತಗ್ಗಿಸದೆ ಕೂತಿರಿ. ಆಮೇಲೆ ಕಂಡದ್ದನ್ನು ಪಕ್ಕದವರನ್ನು ಕೇಳದೆ ಒಂದು ಹಾಳೆಯಲ್ಲಿ ಬರೆದು, ಬಹುಕಾಲ ಉಳಿಯುವ ಕಡೆ ಇಡಿ. ಅವನು ಬರಲಿಲ್ಲವಾದರೆ ಹಾಗೆಂದೇ ಬರೆಯಿರಿ. ಆಗ ತಂಪುಮನೆಗೆ ನಾನೂ ಅವಳ ಜೊತೆ ಹೋಗುತ್ತೇನೆ.

ಇಂದುಮತಿ ಹೊಂಬಳ