ಜುಟ್ಟಿನ ಮರಿ

ತಮ್ಮಾ ಬೀರಸಿದ್ದಾ,

ನೀ ಗಿರಣಿಯಿಂದ ಬರೂದ್ರಾಗ ನಾ ಮಮದಾಪುರದ ಹಾದಿ ಹಿಡಿದಿರ್ತೇನಿ. ಸಾಹೇಬನ ಬಂಗಲೆದ ವಿಲಾಯತಿ ಹುಂಜಕ್ಕ ನಮ್ಮ ಕರಿ ಹ್ಯಾಟಿ ಕೋಳಿ ಕೂಡಿಸಿದ್ದೆನಲ್ಲಾ, ಕಡೀಗೂ ಒಂದು ಮರಿಗೆ ತಲಿ ತುಂಬ ಬಿಳಿ ಜುಟ್ಟು ಬಂದೈತಿ.

ನಮ್ಮ ಕೂಸು ತೀರಿದ ಮ್ಯಾಲ ಮಮದಾಪುರಕ್ಕ ತವರಿಗೆ ಹೋಗೂ ಮುಂದ ನಿಮ್ಮ ವೈನಿ, “ಜುಟ್ಟಿನ ಮರಿ ಹುಟ್ಟಿದ್ರ ನನಗ ತೋರಸ್ರಿ” ಅಂದಿದ್ಲು. ಅದಕ್ಕ ಬುಟ್ಟ್ಯಾಗ ಇಟಗೊಂಡು ಒಯ್ಯಾಕತ್ತೇನಿ.

ರೊಟ್ಟಿ ನೆಲುವಿನ್ಯಾಗ ಅದಾವ. ಉಳದ ಮರಿಗೋಳಿಗೆ ನುಚ್ಚು ನೆನಸಿ ಹಾಕು. ಮುಂಗುಸಿ ಅಡ್ಡ್ಯಾಡಾಕತ್ತೈತಿ, ಅವುಗಳ ಬುಟ್ಟಿ ಮ್ಯಾಲ ಕಲ್ಲು ಇಡು. ಹೋದ ಸಲ ಮರತಿದ್ದಿ.

ನಿಂದು ರಾತ್ರಿ ಪಾಳಿ. ಹಗಲೆಲ್ಲಾ ಮಲಗಿರ್ತಿ. ಈ ಮನ್ಯಾಗ ಕೋಳಿ ಕೂಡ ಮಾತಾಡಿ ಸಾಕಾಗೇತಿ ನನಗ.

ವೈನಿ ಬರ್ತೇನಂದ್ರ ಕರಕೊಂಡು ಬರ್ತೇನಿ. ಒಲ್ಲೆ ಅಂದ್ರ ಮರಿ ಅಲ್ಲೇ ಬಿಟ್ಟು ಬರ್ತೇನಿ. ಆಕಿಗಾದ್ರೂ ಜೋಡಿ ಆದೀತು.

ನಿನ್ನ ಅಣ್ಣ ಕರೆಪ್ಪ