ದೊರೆಸಾನಿಯ ಪೆಟ್ಟಿಗೆಯಲ್ಲಿ ಮೊಟ್ಟೆ

ಕಾಟ್ಟಿಕುಳಂ
ಕಾರ್ತಿಕ ಸೋಮವಾರ, 16-11-1953

ನನ್ನ ಅವ್ವನಿಗೆ ನಾಗರತ್ನಳ ಶರಣು.

ಕಾಗದದ ಮೂಲೆಯ ಕಲೆ ನೋಡಿ ಗಾಬರಿಯಾಗಬೇಡ. ಹೋದ ಸಲದ ಹಾಗೆ ಕಣ್ಣೀರಲ್ಲ, ಕರ್ಜಿಕಾಯಿಯ ಎಣ್ಣೆ. ಶುಕ್ರವಾರ ಶಿವನಂಜಪ್ಪಣ್ಣ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಾನೆಂದು ಬರೆದಿದ್ದೀಯ. ಅತ್ತು ಕರೆದು ಬರೆದವಳು ನಾನೇ, ಇಲ್ಲವೆನ್ನುವುದಿಲ್ಲ. ಈ ಕಾಡಿನಲ್ಲಿ ಮಾತಾಡಿಸುವವರಿಲ್ಲ, ಅತ್ತೆಯ ಮುಖದಲ್ಲಿ ನಗುವಿಲ್ಲ, ಪಕ್ಕದ ಮನೆಯವಳು ನನ್ನನ್ನು ಕಂಡರೆ ಲೊಚಗುಟ್ಟುತ್ತಾಳೆ, ಸರಗೂರಿಗೇ ಬಂದುಬಿಡುತ್ತೇನೆ ಎಂದಿದ್ದೆ. ಅಣ್ಣ ಹೊರಡುವ ಮೊದಲೇ ನಿನಗೆ ಮುಟ್ಟಲಿ ಎಂದು ಇದನ್ನು ಬಾವಲಿ ಕಡೆಗೆ ಹೋಗುವ ಗಾಡಿಯವರ ಕೈಲಿ ಕೊಡುತ್ತಿದ್ದೇನೆ. ಪೂರ್ತಿ ಓದಿ ಆಮೇಲೆ ಬೈಯಿ.

ದೀಪಾವಳಿಗೆ ಮೊದಲು ಕಾಫಿ ತೋಟದ ದೊರೆ ತನ್ನ ದೇಶಕ್ಕೆ ಹೊರಟ. ಬಂಗಲೆಯ ಸಾಮಾನೆಲ್ಲ ಹರಾಜಿಗೆ ಬಂತು. ನಿನ್ನ ಅಳಿಯಂದಿರು ಅಂಗಡಿಗೆ ತಕ್ಕಡಿ ತರುತ್ತೇನೆಂದು ಹೋದವರು ದೊರೆಸಾನಿಯ ಹೊಲಿಗೆ ಪೆಟ್ಟಿಗೆ ಹೊತ್ತುಕೊಂಡು ಬಂದರು. ತಕ್ಕಡಿ ಸಿಗಲಿಲ್ಲ, ಇದನ್ನು ಸುಮ್ಮನೆ ಕೊಟ್ಟರು ಎಂದರು. ಬೀಟೆಮರದ ಪೆಟ್ಟಿಗೆ, ಒಳಗೆ ಮಕಮಲ್ಲು. ಸೂಜಿ, ಕತ್ತರಿ, ಬೆರಳಿಗೆ ಹಾಕುವ ಟೋಪಿ ಗೊತ್ತಾದವು. ಉಳಿದವು ಏನೆಂದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಮನೆಯೇ ನಮ್ಮದು?

ಒಂದು ಹಿಡಿಯ ತುದಿಗೆ ಹಲ್ಲಿನ ಚಕ್ರವಿತ್ತು. ಕಂಡಕೂಡಲೇ ಅತ್ತೆ ಅದು ಕರ್ಜಿಕಾಯಿ ಕತ್ತರಿಸುವ ಚಕ್ರ ಎಂದು ತೀರ್ಪು ಕೊಟ್ಟು, ದೊರೆಸಾನಿಗೂ ಹಬ್ಬದ ಅಡುಗೆ ಬರುತ್ತಿತ್ತು ನೋಡು ಎಂದು ಮೆಚ್ಚಿಕೊಂಡರು. ಅದರ ಹಲ್ಲೋ ಸೂಜಿಮೊನೆ. ಅಂಚು ಕತ್ತರಿಸುವ ಬದಲು ಸಾಲಾಗಿ ತೂತು ಬಿದ್ದು, ಹಬ್ಬದ ದಿನ ಅರ್ಧ ಹೂರಣ ಎಣ್ಣೆಯ ಪಾಲಾಯಿತು. ಚಕ್ರದ ತಪ್ಪು ಎಂದು ನಾನೆಂದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದುಬಿಟ್ಟರು.

ಇನ್ನೊಂದು ಅಗಲ ಕಣ್ಣಿನ ಬೆಳ್ಳಿ ಕಡ್ಡಿ. ಗೋಣಿ ಹೊಲಿಯುವ ದಬ್ಬಳ ಇದು ಎಂದು ನಿನ್ನ ಅಳಿಯಂದಿರು ಅಂಗಡಿಗೆ ಒಯ್ದರು. ಮೊನೆಯೇ ಇಲ್ಲದ್ದು ಗೋಣಿಯಲ್ಲಿ ಎಲ್ಲಿ ಇಳಿಯಬೇಕು? ಆದರೂ ಬೆಳ್ಳಿಯದಲ್ಲವೇ, ಕಿವಿಯ ಮೇಲೆ ಸಿಕ್ಕಿಸಿಕೊಂಡು ಗತ್ತಿನಿಂದ ವ್ಯಾಪಾರ ಮಾಡುತ್ತಾರೆ.

ಮೂರನೆಯದು ಹಬ್ಬ ಕಳೆದ ಮೇಲೆ ಪೆಟ್ಟಿಗೆಯ ಅಡಿಯಲ್ಲಿ ಸಿಕ್ಕಿತು. ಮೊಟ್ಟೆ! ಬಿಳಿ ಬಣ್ಣ ಬಳಿದ ಮರದ್ದು, ಆದರೆ ಕೋಳಿ ಆಗಷ್ಟೇ ಇಟ್ಟ ಹಾಗಿತ್ತು. ಲಿಂಗಪೂಜೆ ಮಾಡುವ ಮನೆಯಲ್ಲಿ ಮೊಟ್ಟೆ ಬಂತಲ್ಲ ಎಂದು ಅತ್ತೆ ಅದನ್ನು ಪೊರಕೆಯಿಂದ ಅಂಗಳಕ್ಕೆ ತಳ್ಳಿದರು. ಕೋಳಿ ಸಾಕಿದ ಪಕ್ಕದ ಮನೆಗೆ ಕೊಟ್ಟು, ಸ್ನಾನ ಮಾಡಿಕೊಂಡೇ ಒಳಗೆ ಬಾ ಎಂದರು.

ಪಕ್ಕದ ಮನೆಯವಳೆಂದರೆ ಆ ಲೊಚಗುಟ್ಟುವ ಏಲಿ ಚೇಡತ್ತಿಯೇ. ಚೇಡತ್ತಿ ಎಂದರೆ ಅಕ್ಕ ಎಂದ ಹಾಗೆ. ತಿರುವಾಂಕೂರಿನ ಪಾಲಾದಿಂದ ಗಂಡನ ಜೊತೆ ಬಂದು, ಕಾಡು ಕಡಿದು ಮರಗೆಣಸು ಹಾಕಿದ್ದಾರೆ. ನಾನು ಬಾಳೆಎಲೆಯ ಮೇಲೆ ಮೊಟ್ಟೆ ಇಟ್ಟುಕೊಂಡು ಬೇಲಿಯ ಹತ್ತಿರ ನಿಂತೆ. ಅವಳು ತೆಗೆದು, ತಿರುಗಿಸಿ, ಉಗುರಿನಿಂದ ತಟ್ಟಿ, ನಗುತ್ತಾ ನಗುತ್ತಾ ಗೆಣಸಿನ ಪಾತಿಯ ಮೇಲೇ ಕುಳಿತುಬಿಟ್ಟಳು. ಆಮೇಲೆ ಒಳಗಿನಿಂದ, ಜಿಗಣೆ ಕಚ್ಚದಿರಲೆಂದು ಅವಳ ಗಂಡ ಹಾಕುವ ಹರಕು ಕಾಲುಚೀಲ ತಂದಳು. ಮೊಟ್ಟೆಯನ್ನು ಅದರೊಳಗೆ ತೂರಿಸಿ, ತೂತಿನ ಮೇಲೆ ನೂಲನ್ನು ಅಡ್ಡಡ್ಡ ಉದ್ದುದ್ದ ನೇಯ್ದು ಮುಚ್ಚಿದಳು. ರಫು ಮಾಡುವಾಗ ಒಳಗಿಡುವ ಮೊಟ್ಟೆಯಂತೆ ಅದು! ಅವಳಿಗೆ ಇದನ್ನೆಲ್ಲ ಕಾನ್ವೆಂಟಿನಲ್ಲಿ ಕಲಿಸಿದ್ದಾರೆ.

ಉಳಿದದ್ದನ್ನೂ ನೋಡಬೇಕೆಂದು ನಮ್ಮ ಜಗಲಿಗೇ ಬಂದಳು. ಚಕ್ರ ಇರುವುದು ಬಟ್ಟೆಯ ಮೇಲೆ ಹೊಲಿಗೆಯ ಗುರುತಿಗೆ ಚುಕ್ಕಿ ಹಾಕಲಿಕ್ಕಂತೆ. ಅತ್ತೆ ತೆಪ್ಪಗೆ, ಅಂಚಿಗೆಲ್ಲ ಚುಕ್ಕಿ ಬಿದ್ದ ಹಬ್ಬದ ಕರ್ಜಿಕಾಯಿ ತಂದು ಮುಂದಿಟ್ಟರು. ಅವಳು ರುಚಿ ನೋಡಿ, ಮಾಡಿದವಳು ನಾನೆಂದು ತಿಳಿದು, ನನ್ನ ಕೈ ಹಿಡಿದುಕೊಂಡು ಕೇಳಿದಳು.

"ನಿನಕ್ಕ್ ಇತ್ರ ಮಡಿಯೋ, ಮೋಳೇ?"

ನಿನಗೆ ಇಷ್ಟೊಂದು ಮಡಿಯಾ ಮಗಳೇ ಎಂದು ಕೇಳುತ್ತಿದ್ದಾಳೆಂದುಕೊಂಡೆ.

"ಹೂಂ ಮತ್ತೆ. ಸೋಮವಾರ ಆದ್ರೆ ದಿನಪೂರ್ತಿ ಮಡಿ," ಎಂದೆ ಹೆಮ್ಮೆಯಿಂದ.

ಅವಳ ಬಾಯಿ ತೆರೆದದ್ದು ತೆರೆದೇ ಇತ್ತು. ಆಮೇಲೆ ಕಂಬಕ್ಕೆ ಒರಗಿ, ಆಕಳಿಸಿ, ಕಣ್ಣು ಮುಚ್ಚಿ ತೋರಿಸಿದಳು. ಅವ್ವ, ಮಲೆಯಾಳದಲ್ಲಿ ಮಡಿ ಎಂದರೆ ಸೋಮಾರಿತನ! ಅವಳು ಬೇಲಿಯಾಚೆಯಿಂದ ನನ್ನನ್ನು ಕರೆದಾಗಲೆಲ್ಲ ಅತ್ತೆ, ಅವಳು ಮಡೀಲಿದ್ದಾಳೆ ಎಂದು ಕೂಗುತ್ತಿದ್ದರು. ಈ ಅತ್ತೆ ಸೊಸೆಯ ಮಾನವನ್ನು ಹೀಗೆ ಬೀದಿಪಾಲು ಮಾಡುತ್ತಾಳಲ್ಲ ಎಂದು ಅವಳು ಲೊಚಗುಟ್ಟುತ್ತಿದ್ದದ್ದು ನನ್ನ ಮೇಲಿನ ಕನಿಕರಕ್ಕೆ. ನಾನು ನೀರು ಹುಯ್ದುಕೊಳ್ಳುವ ಹಾಗೆ, ವಿಭೂತಿ ಹಚ್ಚುವ ಹಾಗೆ ಅಭಿನಯಿಸಿ ತೋರಿಸಿದೆ. ಮೊದಲು ನಕ್ಕವರು ಅತ್ತೆ. ಅವರಿಗೆ ಇನ್ನೂ ಹಲ್ಲೆಲ್ಲ ಇವೆ, ಅವತ್ತೇ ನೋಡಿದ್ದು.

ಚೇಡತ್ತಿಯ ಹತ್ತಿರ ಕೈಯಲ್ಲಿ ತಿರುಗಿಸುವ ಹೊಲಿಗೆ ಮಿಷನ್ ಇದೆ. ಕ್ರಿಸ್ಮಸ್ ಹತ್ತಿರ ಬಂತೆಂದು ಅವಳ ಕಡೆಯವರ ರವಿಕೆಗಳು ರಾಶಿ ಬಿದ್ದಿವೆ. ನಾನು ದೊರೆಸಾನಿಯ ಚಕ್ರ ಓಡಿಸಿ ಗುರುತು ಹಾಕಿ ಕತ್ತರಿಸುತ್ತೇನೆ, ಅವಳು ಹೊಲಿಯುತ್ತಾಳೆ. ಅವಳದು ಮಲೆಯಾಳ, ನನ್ನದು ಕನ್ನಡ, ಎರಡೂ ಸೋತಲ್ಲಿ ಕೈಸನ್ನೆ. ಮೊಟ್ಟೆ ಮಾತ್ರ ಅವಳ ಮನೆಯಲ್ಲೇ ಇರಬೇಕೆಂದು ಅತ್ತೆಯ ಕಟ್ಟಪ್ಪಣೆ. ಆದರೆ ಮೊನ್ನೆ ಅವರ ಕಂಬಳಿಗೆ ತೂತು ಬಿದ್ದಾಗ, ಆ ನಿಂಬೆಹಣ್ಣು ಸ್ವಲ್ಪ ಇಸ್ಕೊಂಡು ಬಾ ಎಂದರು. ಈಗ ನಮ್ಮ ಮನೆಯಲ್ಲಿ ಅದರ ಹೆಸರು ನಿಂಬೆಹಣ್ಣು.

ನನಗಿಲ್ಲಿ ಖುಷಿಯಾಗಿದೆ ಅವ್ವ. ನಾನು ಬರುವುದಿಲ್ಲ. ಅಣ್ಣ ಖಂಡಿತ ಬರಲಿ, ಉಂಡು, ಎರಡು ದಿನ ಇದ್ದು, ಒಬ್ಬನೇ ಹಿಂದಿರುಗಲಿ. ಬರುವಾಗ ನಮ್ಮ ಮನೆಯ ಕರ್ಜಿಕಾಯಿ ಚಕ್ರ ಮರೆಯದೆ ತರಲಿ.

ನಿನ್ನ ಮಡಿವಂತ ಮಗಳು (ಕನ್ನಡದ ಅರ್ಥದಲ್ಲಿ),
ನಾಗರತ್ನ

ಇದನ್ನು ನೀನೊಬ್ಬಳೇ ಓದಿಕೋ: ಚೇಡತ್ತಿಯ ಗಂಡನೂ ಆ ಹರಾಜಿಗೆ ಹೋಗಿದ್ದರಂತೆ. ಒಳ್ಳೆಯ ಹಿತ್ತಾಳೆ ತಕ್ಕಡಿ ಇತ್ತಂತೆ. ನಿನ್ನ ಅಳಿಯಂದಿರು ಅದನ್ನು ಬೇರೆಯವರಿಗೆ ಬಿಟ್ಟು, ಈ ಪೆಟ್ಟಿಗೆಗೇ ಹಟ ಹಿಡಿದು ಕೂಗಿದರಂತೆ. ಯಾಕೆಂದು ಕೇಳಿದ್ದಕ್ಕೆ, ಮನೇಲಿ ಹೆಂಡತಿ ಅಳ್ತಾಳೆ ಎಂದರಂತೆ. ನನ್ನ ಮುಂದೆ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ, ಅಂಗಡಿಯಲ್ಲಿ ಇನ್ನೂ ಹಗ್ಗ ಕಟ್ಟಿದ ಹಳೆಯ ತಕ್ಕಡಿಯೇ. ನಾನೂ ಒಂದು ಸಂಗತಿ ಅವರಿಗೆ ಹೇಳಿಲ್ಲ. ಚೇಡತ್ತಿ ಉಪ್ಪಿಗೆಂದು ಅಂಗಡಿಗೆ ಹೋದವಳು ಬಂದು ನನ್ನ ಕಿವಿಯಲ್ಲಿ ಉಸುರಿದಳು: ಅವರ ಕಿವಿಯ ಮೇಲಿರುವುದು ಹೆಂಗಸರ ಲಂಗಕ್ಕೆ ಲಾಡಿ ಏರಿಸುವ ಕಡ್ಡಿ. ಇರಲಿ ಬಿಡು, ಅಲ್ಲೇ ಚೆನ್ನಾಗಿ ಕಾಣುತ್ತದೆ. ಬೇಕಾದಾಗ ನಾನೇ ತೆಗೆದುಕೊಳ್ಳುತ್ತೇನೆ.