ಇಳಿಜಾರಿಗೆ ತಕ್ಕ ಟ್ರಕ್ಕು

ಏಪ್ರಿಲ್ 22. ಬೆಳಿಗ್ಗೆ 7.

ನನ್ನ ಗಂಡ ಎಲ್ಡನ್‌ನ ರಕ್ತದ ಸಕ್ಕರೆ 148. ಪರವಾಗಿಲ್ಲ. ಹುಳಿಹಿಟ್ಟಿನ ಪ್ಯಾನ್‌ಕೇಕ್ ಎರಡೇ ಕೊಟ್ಟೆ. ಮೂರನೆಯದಕ್ಕೆ ತಟ್ಟೆ ಚಾಚಿದ. ಕೊಡಲಿಲ್ಲ.

ಅಂಗಳದಲ್ಲಿ ಹಿಮ ಕರಗಿ ಬರೀ ಕೆಸರು. ನಡುವೆ ಹೊಸ ದೋಣಿ. ಕೊಂಡು, ಮಾರಿದವರೇ ತಂದು ನಿಲ್ಲಿಸಿ ಆರು ದಿನ ಆಯ್ತು. ಇನ್ನೂ ಕಿಟಕಿಯಿಂದ ನೋಡಿದಾಗೆಲ್ಲ ಯಾರೋ ನಮ್ಮ ಅಂಗಳದಲ್ಲಿ ಮನೆ ಕಟ್ಟಿಬಿಟ್ಟಿದ್ದಾರೆ ಅನ್ನಿಸುತ್ತದೆ. ಇಪ್ಪತ್ತೆಂಟು ಅಡಿ. ಮಲಗೋಕೆ ಕೋಣೆ, ಒಲೆ, ಕಕ್ಕಸು, ಎಲ್ಲ ಇದೆ. ಹಳೆಯದು ಇಪ್ಪತ್ತೊಂದು ಅಡಿ. ಅದರಲ್ಲಿ ಒಬ್ಬರು ಮಗ್ಗುಲು ಬದಲಿಸಿದರೆ ಇನ್ನೊಬ್ಬರೂ ಬದಲಿಸಬೇಕಿತ್ತು.

ದೋಣಿ ಬಂತು, ಎಳೆಯೋ ಟ್ರಕ್ಕಿಲ್ಲ. ನಮ್ಮ ಹಳೇ ಟ್ರಕ್ಕಿಗೆ ಇದನ್ನ ಕಟ್ಟಿದರೆ ಇಲಿಯ ಬಾಲಕ್ಕೆ ಮೊರ ಕಟ್ಟಿದ ಹಾಗೆ. ನಮ್ಮೂರು ಫೇರ್‌ಬ್ಯಾಂಕ್ಸಿನಿಂದ ಸಮುದ್ರದ ವಾಲ್ಡೀಜ್ ಬಂದರಿಗೆ ಮುನ್ನೂರ ಅರವತ್ತು ಮೈಲಿ. ಕೊನೆಗೆ ಥಾಂಪ್ಸನ್ ಘಾಟಿ — ಏಳು ಮೈಲಿ, ಏಳೂ ಇಳಿಜಾರು. ಜೂನ್ ಮೊದಲ ವಾರ ಹೊರಡಬೇಕು.

ಟ್ರಕ್ಕು ನಾನೇ ಆರಿಸ್ತೀನಿ ಅಂದೆ. ಹತ್ತೊಂಬತ್ತು ವರ್ಷ ಉತ್ತರದ ಎಣ್ಣೆ ಬಾವಿಗಳ ದಾರಿಯಲ್ಲಿ ಡೀಸೆಲ್ ಟ್ಯಾಂಕರ್ ಓಡಿಸಿದವಳು. ಭಾರ ಅಂದರೇನು ಅಂತ ನನ್ನ ಬೆನ್ನಿಗೇ ಗೊತ್ತು.

"ದೋಣಿ ಎಳೆಯೋನು ನಾನಲ್ವಾ?" ಅಂದ. ಮೂವತ್ತು ವರ್ಷದಿಂದ ಅವನೇ. ನಿಜ.

ಮಾತು ಬದಲಿಸಿದೆ.

ಏಪ್ರಿಲ್ 24.

ರಾಸ್ಕೋ ಬಂದಿದ್ದ. ಪಕ್ಕದ ಮನೆಯವನು, ಕರೆಂಟ್ ಕೆಲಸದವನು, ಎಲ್ಡನ್‌ನ ಜೊತೆ ಇಪ್ಪತ್ತು ವರ್ಷ ಮೀನು ಹಿಡಿದವನು. ತನ್ನ ಬೂದು ಬಣ್ಣದ ಪಿಕಪ್ ಟ್ರಕ್ಕು ಮಾರುತ್ತಾನಂತೆ. ಎರಡೇ ವರ್ಷದ್ದು. ಚರ್ಮದ ಸೀಟು, ಸೀಟಿಗೆ ಬಿಸಿ, ಛಾವಣಿಗೆ ಗಾಜು.

"ಹನ್ನೊಂದು ಸಾವಿರ ಪೌಂಡ್ ಎಳೆಯುತ್ತೆ ತಾಯಿ. ಕಂಪನಿಯೋರೇ ಬರೆದಿದಾರೆ. ನಿಮ್ ದೋಣಿ ಎಷ್ಟು?"

"ಏಳೂವರೆ," ಎಲ್ಡನ್ ಅಂದ. "ಪುಸ್ತಕದಲ್ಲಿದೆ."

"ಪುಸ್ತಕದ ದೋಣೀಲಿ ಪೆಟ್ರೋಲ್ ಇರಲ್ಲ, ನೀರಿರಲ್ಲ, ಕೆಳಗೆ ಟ್ರೇಲರ್ ಇರಲ್ಲ," ಅಂದೆ. "ನಿನ್ನ ಗಾಳದ ಪೆಟ್ಟಿಗೆಗಳಂತೂ ಇರೋದೇ ಇಲ್ಲ."

"ಟ್ರಕ್ಕು ಕೊಳ್ತೀರೋ, ಮಗಳಿಗೆ ಗಂಡು ನೋಡ್ತಿದೀರೋ?" ಅಂದ ರಾಸ್ಕೋ.

ಟ್ರಕ್ಕಿನ ಬಾಗಿಲು ತೆಗೆದು ಚೌಕಟ್ಟಿಗೆ ಅಂಟಿಸಿದ ಚೀಟಿ ಓದಿದೆ. ಜನ ಎಷ್ಟು ಎಳೆಯುತ್ತೆ ಅಂತ ಕೇಳುತ್ತಾರೆ, ಎಷ್ಟು ಹೊರುತ್ತೆ ಅಂತ ಕೇಳೋದಿಲ್ಲ. ಟ್ರೇಲರಿನ ಮೂತಿ ಟ್ರಕ್ಕಿನ ಬೆನ್ನ ಮೇಲೆ ಕೂರುತ್ತದೆ — ಒಟ್ಟು ಭಾರದ ಹತ್ತನೇ ಒಂದು ಪಾಲು, ಇಲ್ಲಾ ಇನ್ನೂ ಹೆಚ್ಚು. ಅದರ ಮೇಲೆ ನಾವು, ನಾಯಿ, ಐಸ್ ಪೆಟ್ಟಿಗೆ. ಚೀಟಿಯಲ್ಲಿ, ಹೊರೋದು 1,450 ಪೌಂಡ್. ಸಾಲದು ಅನ್ನಿಸಿತು. ತೂಗಿ ನೋಡೋಣ ಅಂದೆ.

ಎಲ್ಡನ್ ಸ್ಟೀರಿಂಗ್ ಹಿಂದೆ ಕೂತು ಸುಖವಾಗಿ ಉಸಿರು ಬಿಟ್ಟ. ಎಂಜಿನ್ ಶುರು ಮಾಡೋ ಮುಂಚೆ ಬಗ್ಗಿ ಪೆಡಲ್ ನೋಡಿದ. ಎರಡು ಸಲ. ಹೊಸ ಗಾಡಿ, ಅದಕ್ಕೇ... ಇರಬೇಕು.

ಏಪ್ರಿಲ್ 27.

ಟ್ಯಾಂಕ್ ತುಂಬಿಸಿ, ಸಾಮಾನೆಲ್ಲ ಹೇರಿ, ಜಲ್ಲಿ ಅಂಗಡಿಯ ಲಾರಿ ತೂಗುವ ಸ್ಕೇಲಿಗೆ ಒಯ್ದೆವು. ಮೂರು ಮೈಲಿ ಸಮತಟ್ಟು ದಾರಿ, ರಾಸ್ಕೋನೇ ನಿಧಾನವಾಗಿ ಎಳೆದ. ದೋಣಿ, ಟ್ರೇಲರ್ ಸೇರಿ 12,900.

ರಾಸ್ಕೋ ಟೋಪಿ ತೆಗೆದು ತಲೆ ಕೆರೆದ. ಎಲ್ಡನ್ ಒಪ್ಪಲಿಲ್ಲ. "ಈ ಸ್ಕೇಲೇ ಸರಿ ಇಲ್ಲ."

"ಹಾಗಾದ್ರೆ ನೀನೇ ಹತ್ತು."

ಹತ್ತಿದ. 240 ತೋರಿಸಿತು. ಹೋದ ವಾರ ಡಾಕ್ಟರ ಹತ್ತಿರವೂ ಅಷ್ಟೇ ಬಂದಿತ್ತು. ಜಲ್ಲಿ ಅಂಗಡಿಯವನೂ ನಕ್ಕ.

ಅಲ್ಲಿಗೆ ಆ ಟ್ರಕ್ಕಿನ ಕತೆ ಮುಗಿಯಿತು. ಆದರೆ ಎಲ್ಡನ್‌ಗೆ ಸೀಟು ಬಿಡಲು ಮನಸ್ಸಿಲ್ಲ. "ಕ್ಲಿಯರಿ ಗುಡ್ಡಕ್ಕೆ ಒಂದ್ಸಲ ಹೋಗಿ ಬರೋಣ ಮೇವಿಸ್. ಒಂದೇ ಸಲ. ಇಳೀವಾಗ ಹೇಗಿರುತ್ತೆ ನೋಡೋಣ."

ಆಗಲಿ ಅಂದೆ. ನಾನು ನೂರು ಸಲ ಹೇಳೋದಕ್ಕಿಂತ ಗುಡ್ಡ ಒಂದು ಸಲ ಹೇಳಲಿ.

ಏಪ್ರಿಲ್ 29. ಮಧ್ಯಾಹ್ನ 3.

ಎಲ್ಲರೂ ಜೀವಂತ. ದೋಣಿಗೆ ಏನೂ ಆಗಿಲ್ಲ. ಈಗ ಬರೆಯೋಕಾಗಲ್ಲ.

ಮೇ 8.

ಬರೆದುಬಿಡುತ್ತೇನೆ.

ಹತ್ತುವಾಗ ಪರವಾಗಿರಲಿಲ್ಲ. ತುದಿಯಲ್ಲಿ ತಿರುಗಿಸಿಕೊಂಡೆವು. ಎಲ್ಡನ್ ಓಡಿಸುತ್ತಿದ್ದ, ಪಕ್ಕದಲ್ಲಿ ನಾನು, ಹಿಂದೆ ರಾಸ್ಕೋ. ಇಳಿಯೋಕೆ ಶುರುವಾದ ಅರ್ಧ ಮೈಲಿಗೆ ದೋಣಿ ಹಿಂದಿನಿಂದ ನೂಕತೊಡಗಿತು. ಮೂವತ್ತೈದು. ನಲವತ್ತು. ಬಾಲವೇ ನಾಯಿಯನ್ನು ಓಡಿಸಿದ ಹಾಗೆ. ನಲವತ್ತೆಂಟು.

"ಬ್ರೇಕ್," ಅಂದೆ.

"ಒತ್ತಿದೀನಿ."

ಒತ್ತಿರಲಿಲ್ಲ. ಎಂಜಿನ್ ಕೂಗುತ್ತಿತ್ತು. ಕೆಳಗೆ ನೋಡಿದೆ — ಅವನ ಬೂಟು ಆಕ್ಸಿಲರೇಟರ್ ಮೇಲಿತ್ತು. ಒತ್ತಿ ಹಿಡಿದಿದ್ದ, ಪೂರ್ತಿ ನಂಬಿಕೆಯಿಂದ. ಮುಂದೆ ತಿರುವು.

ಸ್ಟೀರಿಂಗ್ ಪಕ್ಕ ಟ್ರೇಲರ್ ಬ್ರೇಕಿಗೆ ಕೈಯಲ್ಲಿ ಹಿಡಿಯೋ ಚಿಕ್ಕ ಗುಬಟು ಇರುತ್ತದೆ. ನನ್ನ ಕೈ ತಾನಾಗೇ ಅಲ್ಲಿಗೆ ಹೋಯಿತು. ಪೂರ್ತಿ ಹಿಸುಕಿದೆ, "ಕಾಲು ತೆಗಿ, ಎರಡೂ ಕಾಲು ತೆಗಿ" ಅಂದೆ. ತೆಗೆದ. ದೋಣಿ ಹಿಂದಿನಿಂದ ಜಗ್ಗಿತು, ಟೈರಿನ ಹೊಗೆ, ಸುಟ್ಟ ರಬ್ಬರಿನ ವಾಸನೆ. ತಿರುವಿಗೆ ನೂರು ಅಡಿ ಮುಂಚೆ ದಾರಿ ಬದಿಯ ಜಲ್ಲಿಯಲ್ಲಿ ನಿಂತಿತು.

ಎಲ್ಡನ್ ಇಳಿದ. ಟ್ರಕ್ಕಿನ ಮುಂದಿನಿಂದ ಸುತ್ತಿಕೊಂಡು ನನ್ನ ಬಾಗಿಲ ಹತ್ತಿರ ಬಂದು ನಿಂತ. ಮುಖ ಸುಣ್ಣ.

"ಆ ಕಡೆ ಹೋಗೇ," ಅಂದ. ಅಷ್ಟೇ.

ಕೆಳಗಿನ ಗೇರಿನಲ್ಲಿ, ಹದಿನೈದು ಮೈಲಿ ವೇಗದಲ್ಲಿ ಮನೆಗೆ ತಂದೆ. ರಾಸ್ಕೋ ಇಳಿಯುವಾಗ ನನ್ನ ಭುಜ ಮುಟ್ಟಿ ಹೋದ.

ಆ ದಿನ ಟ್ರಕ್ಕಿಗೆ ಭಾರ ಹೆಚ್ಚಿತ್ತು. ಗೊತ್ತಿದ್ದೂ ಹೊರಟೆ. ಅವನು ಪೆಡಲ್ ಹುಡುಕಿದ್ದನ್ನ ಕಣ್ಣಾರೆ ಕಂಡಿದ್ದೆ. ಗೊತ್ತಿದ್ದೂ ಸ್ಟೀರಿಂಗ್ ಕೊಟ್ಟೆ. ಎರಡೂ ನನ್ನ ತಪ್ಪು. ಇನ್ನೊಬ್ಬರ ಮೇಲೆ ಹಾಕೋಕೆ ಬರಲ್ಲ.

ಮೇ 10.

ಎಲ್ಡನ್ ಕೊನೆಗೂ ಬಾಯಿ ಬಿಟ್ಟ. ಅಡುಗೆಮನೆಯ ಮೇಜಿನ ಹತ್ತಿರ, ಕಾಲುಚೀಲ ತೆಗೆದು, ಪಾದ ನೋಡಿಕೊಳ್ಳುತ್ತಾ. ಅವು ತನ್ನವಲ್ಲ, ಯಾರೋ ಇಟ್ಟು ಹೋದವು ಅನ್ನೋ ಹಾಗೆ.

"ಮೊಣಕಾಲಿಂದ ಕೆಳಗೆ ಏನೂ ಗೊತ್ತಾಗಲ್ಲ. ಸಕ್ಕರೆ ಕಾಯಿಲೆಯಿಂದ. ಜನವರೀಲೇ ಡಾಕ್ಟರ್ ಗಾಡಿ ಓಡಿಸ್ಬೇಡ ಅಂದಿದ್ರು."

ಜನವರಿ. ನಾಲ್ಕು ತಿಂಗಳು ಹಾಲು ತರೋಕೆ, ಅಂಚೆಗೆ, ಪೆಟ್ರೋಲಿಗೆ ಅಂತ ಅವನೇ ಹೋಗಿದ್ದ. ನನ್ನ ಕೈಯಲ್ಲಿದ್ದ ಕಾಫಿ ಲೋಟ ಮೇಜಿಗೆ ಜೋರಾಗಿ ಬಡಿಯಿತು.

"ಶಾಲೆ ಮುಂದೆ ಹೋಗಿದೀಯಲ್ಲೋ. ಮಕ್ಕಳು ದಾಟೋ ಜಾಗ."

"ಹೂಂ."

"ಹೇಳೋಕೇನಾಗಿತ್ತು?"

"ಹೇಳಿದ್ರೆ ಈ ದೋಣಿ ಕೊಳ್ಳೋಕೆ ಬಿಡ್ತಿದ್ಯಾ?"

ಯೋಚಿಸಿದೆ. "ಬಿಡ್ತಿರ್ಲಿಲ್ಲ."

"ಅದಕ್ಕೇ." ಕಾಲುಚೀಲ ಹಾಕಿಕೊಳ್ಳುತ್ತಾ ತಲೆ ಎತ್ತಲಿಲ್ಲ. "ದೋಣಿಗೆ ಕಾಲು ಬೇಡ ಮೇವಿಸ್. ಎಲ್ಲಾ ಕೈಯಲ್ಲೇ. ಇನ್ನು ನಾನು ಓಡಿಸಬಹುದಾದ್ದು ಅಂತ ಇರೋದು ಅದೊಂದೇ. ಮೂರು ದಿನಕ್ಕೆ ವಾಪಸ್ ಬರಬಾರದು, ತಿಂಗಳುಗಟ್ಟಲೆ ನೀರ ಮೇಲಿರಬೇಕು ಅಂತ ದೊಡ್ಡದು ತಗೊಂಡೆ."

ಸಿಟ್ಟು ಇಳಿದಿಲ್ಲ. ಇನ್ನೂ ಇದೆ. ಆದರೆ ಸಂಜೆ ತನ್ನ ಕೀಲಿ ಗೊಂಚಲಿನಿಂದ ಗಾಡಿಯ ಕೀಲಿ ಬಿಚ್ಚಿಟ್ಟಿದ್ದ. ನಾನು ಕೇಳಿರಲಿಲ್ಲ.

ಮೇ 14.

ಶೋರೂಮಿಗೆ ಹೋದೆವು. ಬಿಳಿ ಡೀಸೆಲ್ ಟ್ರಕ್ಕು. ಸೇಲ್ಸ್‌ಮನ್ ಹಲ್ಲು ಬಿಳಿ, ಟ್ರಕ್ಕಿಗಿಂತ. ಎಲ್ಲಾ ಮಾತು ಎಲ್ಡನ್ ಜೊತೆಗೇ. ನನಗೆ ಕಾಫಿ ಬೇಕಾ ಅಂತ ಮಾತ್ರ ಕೇಳಿದ.

ಐದು ನಿಮಿಷ ಕೇಳಿಸಿಕೊಂಡು ಎಲ್ಡನ್ ಅಂದ, "ಅವಳನ್ನ ಕೇಳಪ್ಪ. ನಾನು ಬರೀ ಪಕ್ಕದ ಸೀಟು."

ಹೊರಗಿನವರ ಮುಂದೆ ಮೊದಲ ಸಲ ಹೇಳಿದ್ದು. ಕಿವಿ ಕೆಂಪಾಗಿತ್ತು. ನಾನು ಅದನ್ನ ಕಾಣದವಳ ಹಾಗೆ ಟೈರು ನೋಡಿದೆ.

ಎಂಜಿನ್ ಗಟ್ಟಿ. ಆದರೆ ಆ ದಪ್ಪ ಎಂಜಿನ್ನಿನ ಭಾರವೇ ಹೊರೋ ಶಕ್ತಿಯನ್ನ ತಿಂದುಬಿಟ್ಟಿದೆ. ಚೀಟಿಯಲ್ಲಿ 1,900. ಟ್ರೇಲರಿನ ಮೂತಿಯ ಭಾರವೇ ಸಾವಿರದೈನೂರು, ಮೇಲೆ ನಾವಿಬ್ಬರು. ನಾಯಿಯನ್ನ ಮನೇಲಿ ಬಿಟ್ಟರೂ ಆಗಲ್ಲ.

"ಎಲ್ರೂ ಎಳೀತಾರೆ ಮೇಡಂ."

"ಎಲ್ರೂ ಥಾಂಪ್ಸನ್ ಇಳಿಯಲ್ಲ."

ಕಾಫಿ ಮಾತ್ರ ಚೆನ್ನಾಗಿತ್ತು.

ಮೇ 19. ಡೆಲ್ಟಾ ಜಂಕ್ಷನ್.

ಬರ್ನಡೀನ್ ಅಂತ ಒಬ್ಬಳು. ಗಂಡನ ಜೊತೆ ಬೋರ್‌ವೆಲ್ ಕೊರೆಯೋ ಕೆಲಸ ಮಾಡುತ್ತಿದ್ದಳು, ಈಗ ನಿಲ್ಲಿಸುತ್ತಿದ್ದಾರೆ. ಟ್ರಕ್ಕು ಹನ್ನೊಂದು ವರ್ಷದ್ದು. ಹಳದಿ. ಹಿಂದೆ ನಾಲ್ಕು, ಮುಂದೆ ಎರಡು, ಒಟ್ಟು ಆರು ಟೈರು. ಸೀಟು ಹರಿದು ಟೇಪು ಹಚ್ಚಿದ್ದಾರೆ. ಒಳಗೆ ಗ್ರೀಸಿನ ವಾಸನೆ.

"ಇದು ಟ್ರಕ್ಕಾ, ಸ್ಕೂಲ್ ಬಸ್ಸಾ?" ಎಲ್ಡನ್ ನನ್ನ ಕಿವಿಯಲ್ಲಿ.

ಚೀಟಿ ಓದಿದೆ. ಹೊರೋದು ಐದು ಸಾವಿರ ಪೌಂಡಿಗೆ ಚೂರು ಕಮ್ಮಿ. ಮೇಲಾಗಿ ಎಂಜಿನ್ ಬ್ರೇಕಿದೆ. ಗುಂಡಿ ಒತ್ತಿದರೆ ಎಂಜಿನ್ನೇ ಉಸಿರು ಬಿಗಿಹಿಡಿದು ಗಾಡಿಯನ್ನ ತಡೆಯುತ್ತದೆ. ಕಾಲಿನ ಬ್ರೇಕು ಬಿಸಿಯಾಗೋದಿಲ್ಲ.

"ಹನ್ನೊಂದು ವರ್ಷ ಪೈಪು ಹೊತ್ತಿದೆ, ಒಂದಿನಾನೂ ಅತ್ತಿಲ್ಲ," ಅಂದಳು ಬರ್ನಡೀನ್. "ನನ್ ಗಂಡ ಅತ್ತಿದಾನೆ."

ಕೋಟು ಹಾಸಿ ಕೆಳಗೆ ನುಸುಳಿದೆ. ಚಾಸಿ ಗಟ್ಟಿ. ಬ್ರೇಕಿನ ಒಂದು ಕೊಳವೆ ತುಕ್ಕು ಹಿಡಿದು ಬೆರಳಿಗೆ ಪುಡಿ ಬಂತು. ಎದ್ದು ತೋರಿಸಿದೆ. "ಇದು ಬದಲಾಗದೆ ತಗೊಳ್ಳಲ್ಲ."

ಅವಳು ಮುಖ ಗಂಟಿಕ್ಕಲಿಲ್ಲ. "ನಿಮಗಿಂತ ಮುಂಚೆ ನಾಲ್ಕು ಗಂಡಸ್ರು ಬಂದಿದ್ರು. ನಾಲ್ವರೂ ಬಾನೆಟ್ ಎತ್ತಿ ತಲೆ ಆಡಿಸಿ ಹೋದ್ರು. ಬದಲಿಸಿಕೊಡ್ತೀನಿ. ಶನಿವಾರ ನಾನೇ ತರ್ತೀನಿ, ನಿಮ್ ದೋಣಿ ಕಟ್ಟಿ ನೋಡಿ."

ಹೊರಡುವಾಗ ಹೊಗೆಯಲ್ಲಿ ಒಣಗಿಸಿದ ಸಾಲ್ಮನ್ ಒಂದು ಪೊಟ್ಟಣ ಕೊಟ್ಟಳು. ದಾರಿಯಲ್ಲಿ ಎಲ್ಡನ್ ಅರ್ಧ ಮುಗಿಸಿದ.

ಮೇ 23.

ಕ್ಲಿಯರಿ ಗುಡ್ಡ. ಅದೇ ದೋಣಿ, ಅದೇ ಇಳಿಜಾರು. ಹಿಂದೆ ಬರ್ನಡೀನ್, ಪಕ್ಕದಲ್ಲಿ ಎಲ್ಡನ್. ಬರಲೇಬೇಕಾ ಅಂತ ಅವನನ್ನ ಕೇಳಿದ್ದೆ. ಬರ್ತೀನಿ ಅಂದ. ಬಾಗಿಲ ಮೇಲಿನ ಹಿಡಿಕೆ ಹಿಡಿದಿದ್ದ, ಗಟ್ಟಿಯಾಗಿ.

ತುದಿಯಲ್ಲೇ ಗೇರು ಇಳಿಸಿದೆ, ಗುಂಡಿ ಒತ್ತಿದೆ. ಎಂಜಿನ್ ಗುರುಗುಟ್ಟಿತು. ಮೂವತ್ತು. ಮೂವತ್ತು. ಮುಳ್ಳು ಅಂಟಿಸಿದ ಹಾಗೆ ಮೂವತ್ತು. ಆ ತಿರುವು ಬಂತು — ಜಲ್ಲಿಯಲ್ಲಿ ನಮ್ಮ ಟೈರಿನ ಗೀರು ಇನ್ನೂ ಇತ್ತು — ದಾಟಿತು. ಬ್ರೇಕಿಗೆ ಕಾಲೇ ಇಡಲಿಲ್ಲ.

ಕೆಳಗೆ ಬಂದ ಮೇಲೆ ಎಲ್ಡನ್ ಹಿಡಿಕೆ ಬಿಟ್ಟ. "ಬಣ್ಣ ಒಂದು ಬೇರೆ ಇರಬಹುದಿತ್ತು," ಅಂದ.

ಅಂದರೆ ಆಯ್ತು ಅಂತ ಅರ್ಥ. ಅಂಗಳದಲ್ಲೇ ಕಾಗದಕ್ಕೆ ಸಹಿ ಹಾಕಿದೆವು. ನನ್ನ ಹೆಸರಲ್ಲಿ.

ಜೂನ್ 5. ವಾಲ್ಡೀಜ್. ಸಂಜೆ 5.

ಬಂದೆವು. ಟ್ರಕ್ಕಿನಲ್ಲೇ ಕೂತು ಬರೆಯುತ್ತಿದ್ದೇನೆ. ಬಂದರಿನ ತುಂಬ ಹದ್ದು, ಕಾಗೆ, ಡೀಸೆಲ್ ವಾಸನೆ.

ಥಾಂಪ್ಸನ್ ತುದಿಯಲ್ಲಿ ಮಂಜು ಕವಿದಿತ್ತು. ಐವತ್ತು ಅಡಿ ಆಚೆ ಕಾಣದು. ಎರಡೂ ಬದಿ ಆಳೆತ್ತರ ಹಿಮ. ನಿಂತು ಟ್ರೇಲರಿನ ಚಕ್ರಗಳ ನಡುಭಾಗ ಕೈಯಿಟ್ಟು ನೋಡಿದೆ, ಬಿಸಿ ಇರಲಿಲ್ಲ. ಸರಪಳಿ ನೋಡಿದೆ. ಹತ್ತಿ ಕೂತೆ. ಮೊದಲ ಮೈಲಿ ಮಾತ್ರ ಅಂಗೈ ಬೆವರಿತು. ಅವನ ಜೀವವೂ ನನ್ನ ಕೈಯಲ್ಲಿ ಅಂತ ಎಣಿಸಿಕೊಂಡೆ, ಎಣಿಸಿಕೊಳ್ಳಬಾರದಿತ್ತು. ಆಮೇಲೆ ಹಳೇ ಟ್ಯಾಂಕರಿನ ದಿನಗಳ ಹಾಗೆ ಬೆನ್ನು ತಾನೇ ಭಾರ ಓದತೊಡಗಿತು. ಇಪ್ಪತ್ತೈದರ ಮೇಲೆ ಹೋಗಲಿಲ್ಲ.

ನಾಲ್ಕನೇ ಮೈಲಿಗೆ ಏನೋ ಹೇಳೋಕೆ ಎಲ್ಡನ್ ಕಡೆ ತಿರುಗಿದೆ.

ನಿದ್ದೆ ಹೋಗಿದ್ದ. ಬಾಯಿ ತೆರೆದು, ತಲೆ ಕಿಟಕಿಗೆ ಒರಗಿಸಿ, ಎರಡು ಕೈಯೂ ಮಡಿಲಲ್ಲಿ. ತಿರುವುಗಳಲ್ಲಿ ಗಾಜಿಗೆ ತಲೆ ಮೆಲ್ಲಗೆ ಬಡಿದರೂ ಎಚ್ಚರವಿಲ್ಲ. ನಾಯಿ ಅವನ ತೊಡೆ ಮೇಲೆ.

ಎಬ್ಬಿಸಲಿಲ್ಲ. ಒಬ್ಬಳೇ ಇಳಿಸಿದೆ.

ಜೂನ್ 6. ಬೆಳಿಗ್ಗೆ 8.

ದೋಣಿ ನೀರಿಗಿಳಿಸುವ ಇಳಿಜಾರಿನ ಹತ್ತಿರ ಎಂಟು ಹತ್ತು ಗಂಡಸರು, ಕೈಯಲ್ಲಿ ಕಾಫಿ. ಹಳದಿ ಟ್ರಕ್ಕು, ಸ್ಟೀರಿಂಗಿನಲ್ಲಿ ಅರವತ್ತು ದಾಟಿದ ಹೆಂಗಸು. ಒಬ್ಬ ಇನ್ನೊಬ್ಬನ ಪಕ್ಕೆ ತಿವಿದ. ನೋಡಲಿ. ಒಂದೇ ಸಲಕ್ಕೆ ನೆಟ್ಟಗೆ ಹಿಂದಕ್ಕೆ ಬಿಟ್ಟೆ. ಟ್ರೇಲರ್ ಮುಳುಗಿತು, ದೋಣಿ ತೇಲಿತು. ಎಲ್ಡನ್ ಮೊದಲೇ ಒಳಗಿದ್ದ. ಎಂಜಿನ್ ಹಿಡಿಯಿತು, ಹಿಂದಕ್ಕೆ ಸರಿದ.

ಟ್ರಕ್ಕು ನಿಲ್ಲಿಸಿ ಕಟ್ಟೆಗೆ ಬಂದರೆ, ನನ್ನನ್ನ ಹತ್ತಿಸಿಕೊಳ್ಳೋಕೆ ಬರಬೇಕಾದವನು ಬರಲಿಲ್ಲ. ದೋಣಿ ತಿರುಗಿಸಿ ಕೊಲ್ಲಿಯ ನಡುವಿಗೆ ಹೊರಟುಹೋದ, ಒಬ್ಬನೇ. ದೊಡ್ಡ ಸುತ್ತು. ಇನ್ನೊಂದು. ಬೆನ್ನು ನೆಟ್ಟಗೆ ನಿಂತಿದ್ದಾನೆ. ಇಲ್ಲಿಂದಲೂ ಕಾಣುತ್ತದೆ.

ಕೂಗಬಹುದಿತ್ತು. ಐಸ್ ಪೆಟ್ಟಿಗೆ ಮೇಲೆ ಕೂತು ಬರೆಯುತ್ತಿದ್ದೇನೆ. ನಾಯಿಗೆ ತಾಳ್ಮೆ ಇಲ್ಲ, ಬೊಗಳುತ್ತಿದೆ.

ಮೂರನೇ ಸುತ್ತು. ಈಗ ಇತ್ತ ತಿರುಗಿದ. ನಿಧಾನ ಮಾಡಿದ, ಚೆನ್ನಾಗಿ ತರುತ್ತಿದ್ದಾನೆ, ಕಟ್ಟೆಗೆ ಸೋಕದ ಹಾಗೆ. ಏನೋ ಕೂಗುತ್ತಿದ್ದಾನೆ... ಹಗ್ಗ. ಹಗ್ಗ ಎಸೀತೀನಿ, ಆ ಪುಸ್ತಕ ಕೆಳಗಿಡು ಅಂ—